ಲೋಬಾನದ ಹೊಗೆ ಹತ್ತಿದ ಬೆಲ್ಟು

"ಮೂಸಿ ನೋಡ್ರಿ," ಎಂದು ಬೆಲ್ಟನ್ನು ಸಿದ್ದರಾಮೇಶನ ಮೂಗಿನ ಹತ್ತಿರ ಹಿಡಿದೆ.

ಅವನು ತಲೆ ಹಿಂದಕ್ಕೆಳೆದುಕೊಂಡ. ಸತ್ತವನ ಮೈಮೇಲಿದ್ದ ಬೆಲ್ಟು, ಯಾರಾದರೂ ಹಾಗೇ ಮಾಡುತ್ತಾರೆ. ಆದರೂ ನನಗೆ ಅದು ಹಿಡಿಸಲಿಲ್ಲ. ನಿನ್ನೆಯಿಂದ ಈ ಕೇಸಿನಲ್ಲಿ ನನಗೆ ಯಾರೂ ಹಿಡಿಸಿಲ್ಲ, ಆ ಮಾತು ಬೇರೆ.

"ಏನ್ ವಾಸನಿ ಬರ್ತೈತಿ ಹೇಳ್ರಿ."

"ಬೆವರು, ಗ್ರೀಸು. ಟವರ್ ಹತ್ತೋರ ಬೆಲ್ಟಿಗೆ ಮತ್ತ್ಯಾವ ವಾಸನಿ ಬರಬೇಕ್ರೀ ಮೇಡಂ?"

ಬೆವರಿತ್ತು, ಗ್ರೀಸೂ ಇತ್ತು. ಅವೆರಡರ ಅಡಿಯಲ್ಲಿ ಲೋಬಾನದ ವಾಸನೆಯೂ ಇತ್ತು. ಪಟ್ಟಿಯ ಮಡಿಕೆಗಳಲ್ಲಿ ದೀಪದ ಮಸಿ ಅಂಟಿತ್ತು. ಒಂದು ಕಡೆ ಅಂಚು ಬಿಸಿ ತಾಗಿ ಕರಗಿ, ಮತ್ತೆ ಗಟ್ಟಿಯಾಗಿತ್ತು. ನಾನು ಅದನ್ನು ಉಗುರಿನಿಂದ ಕೆರೆದು ತೋರಿಸಿದೆ.

"ವೆಲ್ಡಿಂಗ್ ಕಿಡಿ ಬಿದ್ದಿರಬೇಕ್ರಿ," ಎಂದ, ಕೇಳುವ ಮೊದಲೇ.

ನಿನ್ನೆ ಬೆಳಿಗ್ಗೆ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಬದಿಯ ಮೊಬೈಲ್ ಟವರಿನಿಂದ ದುರುಗೇಶ ಬಿದ್ದು ಸತ್ತಿದ್ದ. ಅವನ ಮೈಮೇಲಿದ್ದದ್ದು ಜೊತೆಗಾರ ಮಲ್ಲೇಶನ ಹಳೆಯ ಬೆಲ್ಟು. ಮಲ್ಲೇಶನ ಮೈಮೇಲಿದ್ದದ್ದು ದುರುಗೇಶನ ಹೊಸ ಬೆಲ್ಟು. ಹಿಂದಿನ ದಿನ ಚಹಾದಂಗಡಿಯ ಮುಂದೆ ಇಬ್ಬರೂ ಕೊರಳಪಟ್ಟಿ ಹಿಡಿದು ಜಗಳಾಡಿದ್ದನ್ನು ಊರೇ ನೋಡಿತ್ತು. ಮತ್ತೇನು ಬೇಕು? ಮಲ್ಲೇಶನೇ ಕೊಲೆಗಾರ ಎಂದು ಮಸ್ಕಿಯ ಬಸ್‌ಸ್ಟ್ಯಾಂಡು ತೀರ್ಮಾನ ಮಾಡಿ ಮುಗಿಸಿತ್ತು. ಇವತ್ತು ಸಂಜೆಯೊಳಗೆ ಅವನನ್ನು ಲಿಂಗಸುಗೂರಿನ ಕೋರ್ಟಿನ ಮುಂದೆ ನಿಲ್ಲಿಸಬೇಕಿತ್ತು. ಹಾಗೇ ನಿಲ್ಲಿಸಿದರೆ ಜೈಲಿಗೆ ಹೋದವನು ಯಾವಾಗ ಮನೆಗೆ ಬರುತ್ತಾನೋ ದೇವರಿಗೇ ಗೊತ್ತು. ಅವನ ಹೆಂಡತಿ ಗಂಗಾದೇವಿ ಠಾಣೆಯ ಕಟ್ಟೆಯ ಮೇಲೆ ಕಂಬಕ್ಕೆ ತಲೆ ಆನಿಸಿಕೊಂಡು ಕೂತಿದ್ದಳು. ಕೊಟ್ಟ ಚಹಾ ಆರಿ ಕೆನೆಗಟ್ಟಿತ್ತು.

ಸಿದ್ದರಾಮೇಶ ಟವರ್ ಗುತ್ತಿಗೆದಾರನ ಸೂಪರ್‌ವೈಸರ್. ಇಸ್ತ್ರಿ ಮುರಿಯದ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ನಯವಾದ ಮಾತು. ಆಳುಗಳಿಗೆ ಬೆಲ್ಟು ಕಟ್ಟುವುದನ್ನು ಕಲಿಸುವವನೂ ಇವನೇ. ಅವರ ಗೋದಾಮು ಇರುವುದು ಸಿಂಧನೂರಿನಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಹಿಂದೆ. ಬೆಳಿಗ್ಗೆ ನಾನೇ ಹೋಗಿ ನೋಡಿ ಬಂದಿದ್ದೆ.

"ನನಗ ತಿಳಿಯೋ ಹಂಗ ಇನ್ನೊಮ್ಮೆ ಹೇಳ್ರಿ," ಎಂದೆ.

ಅವನು ಬೆಲ್ಟನ್ನು ಮೇಜಿನ ಮೇಲೆ ಹರಡಿದ. ಹೆಗಲಿಗೆ, ಎದೆಗೆ, ತೊಡೆಗೆ ಬಿಗಿಯುವ ಪಟ್ಟಿಗಳು. ಬೆನ್ನ ಹಿಂದಿನಿಂದ ಹೊರಡುವ ಹಗ್ಗ, ಅದರ ತುದಿಗೆ ಎರಡು ಕೊಕ್ಕೆ ಇರಬೇಕಿತ್ತು. ಈಗ ಇರಲಿಲ್ಲ. ಹಗ್ಗದ ಬುಡದಲ್ಲಿದ್ದ ಚಿಕ್ಕ ಚೀಲವೊಂದು ಅರ್ಧಕ್ಕೆ ಹರಿದಿತ್ತು. ಅದರ ಉಳಿದರ್ಧ, ಕೊಕ್ಕೆಗಳ ಸಮೇತ, ಟವರಿನ ಮೇಲೆ ಇನ್ನೂ ತೂಗಾಡುತ್ತಿತ್ತು.

"ಹತ್ತೂಮುಂದ ಒಂದು ಕೊಕ್ಕಿ ಹಾಕಿದ ಮ್ಯಾಲನ ಇನ್ನೊಂದು ಬಿಚ್ಚಬೇಕ್ರಿ. ಒಂದರ ಯಾವಾಗ್ಲೂ ಕಬ್ಬಿಣ ಕಚ್ಚಿಕೊಂಡಿರಬೇಕು. ಇನ್ನ ಈ ಚೀಲದಾಗ ಪಟ್ಟಿ ಮಡಚಿ ಹೊಲದಿರ್ತಾರ. ಮನಷ್ಯಾ ಜಾರಿದ ಅಂದ್ರ ಹೊಲಿಗಿ ಪರಪರ ಹರಕೋತ ಹೋಗ್ತೈತಿ. ಮೈಗೆ ಬಡಿಯೋ ಝಟಕಾ ಹೊಲಿಗಿಗೆ ಬಡೀತೈತಿ, ಮನಷ್ಯಾ ಉಳೀತಾನ."

"ಆಮ್ಯಾಲ?"

"ಆಮ್ಯಾಲ ಆ ಬೆಲ್ಟಿನ ಆಯುಷ್ಯ ಮುಗೀತ್ರಿ. ನೋಡಾಕ ಛಲೋ ಕಂಡ್ರೂ ಮತ್ತ ಹಾಕಂಗಿಲ್ಲ. ಕತ್ತರಿಸಿ ಒಗೀಬೇಕು."

"ಇದು ಮಲ್ಲೇಶ ಮುದಗಲ್ಲಿನ ಟವರ್‌ದಾಗ ಜಾರಿದಾಗ ಹಾಕ್ಕೊಂಡಿದ್ದ ಬೆಲ್ಟಲ್ಲೇನು?" ಬಕ್ಕಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ 'ಮ' ಅಕ್ಷರ ತೋರಿಸಿದೆ.

"ಹೌದ್ರಿ. ಮೊಹರಂಗೂ ಮೊದಲಿನ ಮಾತು. ಉಳಕೊಂಡ ಪುಣ್ಯಾತ್ಮ."

"ಮತ್ತ ಕತ್ತರಿಸಲಿಲ್ಲ?"

"ಕತ್ತರಿಸೀನ್ರಿ! ಎಲ್ಲಾರ ಮುಂದ, ಈ ಕೈಯಾಗ. ಆದ್ರ ಅಂವ ಬ್ಯಾರೆ ಯಾವುದೋ ಹಳೇ ಬೆಲ್ಟು ಕೊಟ್ಟು ನನ್ನ ಕಣ್ಣಿಗೆ ಮಣ್ಣೆರಚ್ಯಾನ. ಇದನ್ನ ಬಚ್ಚಿಟ್ಟಾನ. ಹರದ ಚೀಲ ಹೊಲದು, ದುರುಗೇಶನ ಹೊಸ ಬೆಲ್ಟು ತಾನು ಹಾಕ್ಕೊಂಡು, ಇದನ್ನ ಅಂವಗ ಕಟ್ಯಾನ. ಇಷ್ಟ ವಿಷಯ ಮೇಡಂ."

"ನೀವು ಕತ್ತರಿಸಿದ್ದರ ಮ್ಯಾಲ 'ಮ' ಇತ್ತೋ ಇಲ್ಲೋ?"

ಅವನು ಬಕ್ಕಲನ್ನು ಬೋರಲು ಹಾಕಿದ. "ಲಕ್ಷ್ಯ ಕೊಡಲಿಲ್ರಿ."

ಕೊಕ್ಕೆಯ ಸ್ಪ್ರಿಂಗು ಸಡಿಲಾದರೂ ಗುರುತಿಸುವವನು ಕಣ್ಣಿಗೆ ಕುಕ್ಕುವ ಕೆಂಪು ಅಕ್ಷರ ನೋಡಲಿಲ್ಲವಂತೆ. ಇರಲಿ ಎಂದು ನುಂಗಿಕೊಂಡೆ.

ಹೊಲಿಗೆ ನನ್ನನ್ನು ಬೇರೆ ರೀತಿ ಕಾಡುತ್ತಿತ್ತು. ಹರಿಯದೆ ಉಳಿದ ಭಾಗದಲ್ಲಿ ದಪ್ಪ ಬಿಳಿ ನೂಲಿನ ದೊಡ್ಡ ದೊಡ್ಡ ಹೊಲಿಗೆಗಳಿದ್ದವು, ದಬ್ಬಣದಲ್ಲಿ ಹಾಕಿದ್ದು. ನಾನು ಹುಟ್ಟಿ ಬೆಳೆದದ್ದು ಸಿಂಧನೂರಿನಲ್ಲಿ. ಅಕ್ಕಿ ಚೀಲದ ಬಾಯಿ ಹೊಲಿಯುವ ನೂಲನ್ನು ನನಗೆ ಯಾರೂ ಪರಿಚಯಿಸಬೇಕಿಲ್ಲ.

ಬೆಲ್ಟನ್ನು ಚೀಲಕ್ಕೆ ತುಂಬಿಕೊಂಡು ಹಿಂದಿನ ಕೋಣೆಗೆ ಹೋದೆ.

ಮಲ್ಲೇಶ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಹೆಡ್ ಕಾನ್‌ಸ್ಟೇಬಲ್ ಪಕೀರಪ್ಪ ಬಾಗಿಲಲ್ಲಿದ್ದರು. ನಿನ್ನೆಯಿಂದ ಈ ಮನುಷ್ಯನ ಬಾಯಿಂದ ನಾನು ಒಂದು ಪೂರ್ತಿ ಮಾತು ಕೇಳಿರಲಿಲ್ಲ. ಕೇಳಿ ಕೇಳಿ ನನ್ನ ಗಂಟಲೇ ಕಟ್ಟಿತ್ತು.

"ಏನಪಾ, ಇವತ್ತರ ಬಾಯಿ ಬಿಡ್ತೀಯೋ? ಸಂಜಿಕ ಕೋರ್ಟು ಐತಿ. ಅಲ್ಲಿಗೆ ಹೋದ ಮ್ಯಾಲ ನನಗ, ಈ ಸಂಘಮಿತ್ರಾ ಮೇಡಂಗ, ಏನೂ ಮಾಡಾಕ ಬರಂಗಿಲ್ಲ."

ಅವನು ತಲೆ ಎತ್ತಿದ. "ದುರ್ಗಾದೇವಿ ಉಂಡಾಳೇನ್ರಿ?"

ಬಾಗಿಲಲ್ಲಿ ಪಕೀರಪ್ಪ ಕೆಮ್ಮಿದರು. ಆ ಕೆಮ್ಮಿನ ಅರ್ಥ ತಿಳಿಯಲು ಪೊಲೀಸ್ ಆಗಬೇಕಿಲ್ಲ. ದುರ್ಗಾದೇವಿ ಎಂದರೆ ಸತ್ತ ದುರುಗೇಶನ ಹೆಂಡತಿ.

ನನ್ನ ನೆತ್ತಿಗೆ ಸಿಟ್ಟೇರಿತು. "ಹೊರಗ ಕಟ್ಟಿ ಮ್ಯಾಲ ನಿನ್ನ ಹೆಂಡ್ತಿ ಕೂತಾಳ. ಆಕಿ ಒಂದು ಗುಟುಕು ಚಹಾ ಕುಡದಿಲ್ಲ. ಅದನ್ನ ಕೇಳಲಿಲ್ಲ ನೀ! ಇನ್ನೊಬ್ಬನ ಹೆಂಡ್ತಿ ಉಂಡದ್ದು ಕಟಗೊಂಡು ನಿನಗೇನಾಗಬೇಕೋ?"

"ಹಂಗಲ್ರಿ…"

"ಹೆಂಗ ಮತ್ತ? ಚಹಾದಂಗಡಿ ಮುಂದ ಎದಕ ಬಡದಾಡಿದ್ರಿ? ಆಕಿ ಸಲುವಾಗಿ ಹೌದಿಲ್ಲೋ?"

ಮಲ್ಲೇಶ ಮೊಣಕಾಲೂರಿ ಎದ್ದು ಕೂತ. ಆಮೇಲೆ ಮೆಲ್ಲಗೆ ಹೇಳಿದ: "ನಾನ ಕೊಂದೀನಿ ಅಂತ ಬರಕೊಳ್ರಿ, ಸಹಿ ಮಾಡ್ತೀನಿ. ಆದ್ರ ಒಂದ ಮಾತು ನಡಸಿಕೊಡ್ರಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ."

"ಏನದು?"

"ಆ ಬೆಲ್ಟು ಆಕಿಗೆ ತೋರಸಬ್ಯಾಡ್ರಿ."

ಕೊಲೆ ಒಪ್ಪಿಕೊಳ್ಳುವವರನ್ನು ನೋಡಿದ್ದೇನೆ. ಏಟು ತಪ್ಪಿಸಿಕೊಳ್ಳಲು ಒಪ್ಪುತ್ತಾರೆ, ತಮ್ಮನನ್ನೋ ಮಗನನ್ನೋ ಉಳಿಸಲು ಒಪ್ಪುತ್ತಾರೆ. ಒಂದು ಬೆಲ್ಟು ತೋರಿಸಬೇಡಿ ಎಂದು ಒಪ್ಪುವವನನ್ನು ಇವತ್ತೇ ಕಂಡದ್ದು. ಬೇಡ ಎಂದನಲ್ಲ, ನನಗೆ ಈಗ ತೋರಿಸಲೇಬೇಕಾಯಿತು.

ಪಕೀರಪ್ಪನವರನ್ನು ಹೊರಗೆ ಕರೆದೆ. "ಇವನ್ನ ಟವರ್ ಹತ್ರ ಕರಕೊಂಡು ಹೋಗ್ರಿ. ಯಾರು ಎಲ್ಲಿ ನಿಂತಿದ್ರು ತೋರಸಲಿ, ಮಹಜರಿಗೆ ಬೇಕು. ಆದ್ರ ಯಾರೂ ಮ್ಯಾಲ ಹತ್ತಂಗಿಲ್ಲ. ನಾನು ಬಂದ ಮ್ಯಾಲನ ಆ ಕೊಕ್ಕಿ ತುಂಡು ಇಳಸೋದು."

ಸಿದ್ದರಾಮೇಶ ಹತ್ತಿರವೇ ಇದ್ದ. "ನಾನೂ ಹೋಗಿರ್ತೀನ್ರಿ ಮೇಡಂ. ಜೀಪಿನಾಗ ಬೆಲ್ಟು, ಹಗ್ಗ ಎಲ್ಲಾ ಅದಾವ. ಬೇಕಾದ್ರ ಆ ತುಂಡು ನಾನ ಇಳಿಸಿಕೊಡ್ತೀನಿ."

"ಹೋಗ್ರಿ. ಆದ್ರ ನೆಲದ ಮ್ಯಾಲ ನಿಂದರ್ರಿ," ಎಂದೆ. ಅವನು ನಕ್ಕು ತಲೆಯಾಡಿಸಿದ.

ದುರುಗೇಶನ ಮನೆ ಗುಡ್ಡದ ಬದಿಯ ಓಣಿಯಲ್ಲಿ. ಬಿಸಿಲು ಕಲ್ಲಿಗೆ ಬಡಿದು ಮುಖಕ್ಕೆ ರಾಚುತ್ತಿತ್ತು. ಬಾಗಿಲಲ್ಲಿದ್ದ ಹೆಂಗಸರು ನನ್ನ ಖಾಕಿ ನೋಡಿ ದಾರಿ ಬಿಟ್ಟರು. ಒಳಗೆ ದುರುಗೇಶನ ತಾಯಿ ಕರೆಮ್ಮ ಮೂಲೆಯಲ್ಲಿ ಮೊಣಕಾಲು ಕಟ್ಟಿ ಕೂತಿದ್ದಳು. ದುರ್ಗಾದೇವಿ ನನ್ನನ್ನು ಕಂಡದ್ದೇ ಎದ್ದು ನಿಂತಳು.

"ಅಂವನ್ನ ಬಿಡ್ತೀರೇನ್ರಿ? ಬಿಟ್ರ ನಿಮ್ಮ ಠಾಣೇದ ಮುಂದ ನಾ ಪ್ರಾಣ ಬಿಡ್ತೀನಿ. ನಮ್ಮನಿಯಾಗ ಉಂಡ, ನಮ್ಮನಿಯಾಗ ಮಲಗಿದ, ನನ್ನ ಅಕ್ಕಾ ಅಂತ ಕರದ. ಕಡೀಕ ನನ್ನ ಗಂಡನ್ನ ನೂಕಿಬಿಟ್ಟ!"

ಅಕ್ಕ ಎಂದು ಕರೆದ. ಪಕೀರಪ್ಪನವರ ಕೆಮ್ಮು ನೆನಪಾಗಿ ನನಗೇ ನಾಚಿಕೆಯಾಯಿತು.

"ಕೂಡವ್ವಾ. ಅಂವ ನೂಕಿದ್ದು ಯಾರರ ನೋಡ್ಯಾರೇನು?"

"ನೋಡೋದು ಎದಕ ಬೇಕ್ರಿ? ನೂಕದ ಬೀಳಾಕ ಸಾಧ್ಯನ ಇಲ್ಲ."

"ಯಾಕ ಸಾಧ್ಯ ಇಲ್ಲ?"

ಅವಳು ದೇವರ ಜಗಲಿಯ ಕಡೆ ನೋಡಿದಳು. ನಾನೂ ನೋಡಿದೆ. ದೀಪದ ಮಸಿಗೆ ಕಪ್ಪಾದ ಗೋಡೆ, ಅದರಲ್ಲೊಂದು ಮೊಳೆ. ಮೊಳೆಯ ಕೆಳಗೆ ಮಸಿ ಹತ್ತದೆ ಉಳಿದ ಬಿಳಿ ಗುರುತು, ಎರಡು ಪಟ್ಟಿ ಇಳಿಬಿದ್ದ ಹಾಗೆ. ಲೋಬಾನ ಹಾಕುವ ಮಣ್ಣಿನ ಧೂಪಾರತಿ ಸರಿಯಾಗಿ ಅದರ ಕೆಳಗೇ ಇತ್ತು.

ಬೆಲ್ಟಿಗೆ ಹತ್ತಿದ್ದ ಲೋಬಾನ ಎಲ್ಲಿಯದೆಂದು ತಿಳಿಯಿತು. ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕಿತ್ತು. ಚೀಲ ಬಿಚ್ಚಿ ಬೆಲ್ಟು ಹೊರಗೆ ತೆಗೆದೆ.

ದುರ್ಗಾದೇವಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

"ಇದಾ ನೋಡ್ರಿ. ಇದು ಬರೇ ಬೆಲ್ಟಲ್ಲ. ಮುದಗಲ್ಲಿನಾಗ ಮಲ್ಲೇಶ ಬಿದ್ದಾಗ ಗಾಳ್ಯಾಗ ಹಿಡದು ನಿಲ್ಲಿಸಿದ್ದು ಇದು. ಅಂಥಾ ಎತ್ತರದಾಗಿಂದ ಬಿದ್ದಂವಗ ಮೈಯಾಗ ಒಂದು ಗೀರಿಲ್ಲ! ಅಲ್ಲಿ ಮೊಹರಂದ ಅಲಾಯಿ ದೇವರ ಮುಂದ ಇಟ್ಟು ತಂದದ್ದು. ಅವತ್ತಿನಿಂದ ಜಗಲಿ ಮ್ಯಾಲ ತೂಗುಹಾಕಿ ದಿನಾ ದೀಪಾ ಹಚ್ಚೀನಿ, ಅಮಾಸಿಗೆ ಕರ್ಪೂರ ಬೆಳಗೀನಿ. ನಿನ್ನೆ ನಾನ ಕೈಯಾರೆ ನನ್ನ ಗಂಡಗ ಕಟ್ಟಿ ಕಳಿಸೀನಿ. ಇದು ಮೈಮ್ಯಾಲ ಇದ್ದಂವ ಬೀಳ್ತಾನೇನ್ರಿ? ನೀವ ಹೇಳ್ರಿ! ಮಲ್ಲೇಶ ಹುಕ್ಕು ಬಿಚ್ಚಿ ನೂಕಿರಬೇಕು. ಇಲ್ಲಂದ್ರ ಬೀಳತಿದ್ದಿಲ್ಲ."

ಮಲ್ಲೇಶನ ಮೇಲೆ ಅವಳು ಹೊರಿಸಿದ ಆರೋಪಕ್ಕೆ ಇದ್ದ ಸಾಕ್ಷಿ ಇದೊಂದೇ. ನಿನ್ನೆಯಿಂದ ಅವನು ಬಾಯಿಗೆ ಬೀಗ ಹಾಕಿಕೊಂಡದ್ದೂ ಅವಳು ಕಟ್ಟಿದ ಬೆಲ್ಟೇ ಕೈಕೊಟ್ಟದ್ದು ಅವಳಿಗೆ ತಿಳಿಯಬಾರದೆಂದೇ.

"ದುರುಗೇಶ ಇದನ್ನ ಹಾಕ್ಕೊಳಾಕ ಒಪ್ಪಿದ್ನಾ?"

"ಬ್ಯಾಡ ಅಂದ್ರು. ತಮ್ಮದು ಹೊಸಾದು ಐತಿ ಅಂದ್ರು. ನಾನ ಆಣಿ ಹಾಕಿದೆ. ಅದಕ್ಕ ನಕ್ಕು, ಚೀಲ ಒತ್ತಿ ನೋಡಿ, ಗಟ್ಟಿ ಐತಿ ಬಿಡು ಅಂದ್ರು. ಮಲ್ಲೇಶಗ ಬೆಲ್ಟ ಇದ್ದಿಲ್ರಿ, ಬರೇ ಹಗ್ಗ ಕಟಗೊಂಡು ಹತ್ತತಿದ್ದ. ಹೊಸಾದು ಅಂವಗ ಕೊಡ್ತೀನಿ ಅಂತ ಹಿಂದಿನ ದಿನಾನ ಹೇಳಿದ್ರಂತ. ಅಂವ ಒಲ್ಲೆ ಅಂದನಂತ. ಅದಕ್ಕ ಜಗಳಾನೂ ಆತಂತ."

ಚಹಾದಂಗಡಿಯ ಮುಂದಿನ ಕೊರಳಪಟ್ಟಿ ಜಗಳ ಇದು! ಹೊಸ ಬೆಲ್ಟು ನೀನೇ ಹಾಕಿಕೋ ಎಂದು ಒಬ್ಬ, ಬೇಡ ಎಂದು ಇನ್ನೊಬ್ಬ.

ನನ್ನ ಮುಂದೆ ಎರಡೇ ದಾರಿ ಇದ್ದವು. ಸುಮ್ಮನೆ ಎದ್ದು ಹೋದರೆ ಈ ಹೆಣ್ಣುಮಗಳ ಪಾಲಿಗೆ ಗಂಡನನ್ನು ಕೊಂದವನು ಮಲ್ಲೇಶನೇ ಆಗಿ ಉಳಿಯುತ್ತಾನೆ, ಗಂಗಾದೇವಿ ಆ ಕಟ್ಟೆಯ ಮೇಲೇ ಕೂತಿರುತ್ತಾಳೆ. ಹೇಳಿದರೆ ಇವಳು ತನ್ನ ಕೈಗಳನ್ನು ಮತ್ತೆಂದೂ ನೆಟ್ಟಗೆ ನೋಡಿಕೊಳ್ಳಲಾರಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ದುರ್ಗಾದೇವಿ, ಈ ಬೆಲ್ಟು ಒಮ್ಮೆ ಹಿಡೀತೈತಿ. ಒಮ್ಮೆ ಮಾತ್ರ. ಮಲ್ಲೇಶನ್ನ ಉಳಿಸಿದಾಗ ಈ ಚೀಲದಾಗಿನ ಹೊಲಿಗಿ ಎಲ್ಲಾ ಹರದು ಹೋಗೈತಿ. ಆಮ್ಯಾಲ ಇದರಾಗ ಹಿಡಿಯೋ ಶಕ್ತಿ ಉಳದಿದ್ದಿಲ್ಲ. ಇಲ್ಲಿ ನೋಡು, ಬಿಸಿಗೆ ಪಟ್ಟಿನೂ ಕರಗೈತಿ."

ಅವಳು ಹರಿದ ಚೀಲ ನೋಡಿದಳು, ಕರಗಿದ ಅಂಚು ನೋಡಿದಳು. ಕೆಳಗಿದ್ದ ಧೂಪಾರತಿ ನೋಡಿದಳು.

"ಅಂದ್ರ… ಅಂವ ನೂಕಲಿಲ್ಲ?"

"ಇಲ್ಲ."

"ಅಂದ್ರ ನಾನ…"

ಮೂಲೆಯಲ್ಲಿದ್ದ ಕರೆಮ್ಮ ಯಾವಾಗ ಎದ್ದು ಬಂದಳೋ ತಿಳಿಯಲಿಲ್ಲ. ಸೊಸೆಯ ಬಾಯಿಯ ಮೇಲೆ ಕೈ ಇಟ್ಟಳು. "ಸುಮ್ಕಿರು ನನ್ನವ್ವಾ. ಆ ಮಾತು ಆಡಬ್ಯಾಡ. ಅಂವ ನನ್ನ ಮಗಾ, ನಾನ ಹೇಳ್ತೀನಿ, ಆಡಬ್ಯಾಡ."

ನಾನು ಮುಖ ಅತ್ತ ತಿರುಗಿಸಿಕೊಂಡೆ. ಖಾಕಿ ಹಾಕಿದ ಮಾತ್ರಕ್ಕೆ ಕಣ್ಣೀರು ಬರುವುದಿಲ್ಲ ಎಂದೇನೂ ಇಲ್ಲ.

ಆದರೆ ಇಷ್ಟಕ್ಕೇ ಬಿಡುವಂತಿರಲಿಲ್ಲ. ಒಂದು ಕೊಂಡಿ ಇನ್ನೂ ಕೂಡಿರಲಿಲ್ಲ. ಹರಿದ ಚೀಲ ತನ್ನಷ್ಟಕ್ಕೆ ತಾನೇ ಹೊಲಿದುಕೊಳ್ಳುವುದಿಲ್ಲ.

"ಒಂದ ಮಾತು ಹೇಳವ್ವಾ. ಈ ಬಿಳಿ ನೂಲಿನ ಹೊಲಿಗಿ ನೀ ಹಾಕಿದ್ದೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಬಂದಾಗನ ಹಂಗಿತ್ತು."

"ಮಲ್ಲೇಶ ತಂದು ಕೊಟ್ಟಿದ್ನಾ?"

"ಅಂವಗೆಲ್ಲಿ ಗೊತ್ತಿತ್ರಿ. ಮೊನ್ನಿ ನಮ್ಮವರು ಹೇಳೂತನಕ ತನ್ನ ಬೆಲ್ಟು ಕತ್ತರಿಸಿ ಒಗದಾರ ಅಂತನ ತಿಳದಿದ್ದ. ತಂದು ಕೊಟ್ಟದ್ದು ಸಿದ್ದರಾಮೇಶಣ್ಣ."

ಓಣಿಯಲ್ಲಿ ಯಾರದೋ ಬೈಕು ಹೋಯಿತು. ಅದರ ಸದ್ದಿನಲ್ಲಿ ಮಾತು ತಪ್ಪಿಹೋಗಬಾರದೆಂದು ಅವಳ ಹತ್ತಿರಕ್ಕೆ ಸರಿದೆ.

"ಏನಂದು ಕೊಟ್ಟ?"

"ಹೊಸಾ ಅರಿವ್ಯಾಗ ಸುತ್ತಿಕೊಂಡು ಬಂದಿದ್ರು. 'ಎಲ್ಲಾರ ಮುಂದ ಬ್ಯಾರೆದು ಕತ್ತರಿಸೀನಿ ತಂಗಿ, ಜೀವಾ ಉಳಿಸಿದ ವಸ್ತಾ ಕತ್ತರಿಸಾಕ ಕೈ ಬರಲಿಲ್ಲ. ಇದು ನಿಮ್ಮನಿಯಾಗ ಇರ್ಲಿ' ಅಂದ್ರು. ನನ್ನೆದುರಿಗೇ ವಿಭೂತಿ ಹಚ್ಚಿದ್ರು. ಹೋದ ವಾರ ಮತ್ತ ಬಂದು, 'ಲಿಂಗಸುಗೂರು ರಸ್ತೇದ ಟವರ್ ಬಾಳ ಕೆಟ್ಟೈತಿ, ಅವತ್ತೊಂದಿನ ದುರುಗೇಶಗ ಇದನ್ನ ಕಟ್ಟು' ಅಂತ ಹೇಳಿ ಹೋದ್ರು." ಅವಳ ದನಿ ಒಡೆಯಿತು. "ನಮ್ಮವರು ಎಲ್ಲಾರಿಗೂ ಹೊಸಾ ಬೆಲ್ಟು ಕೊಡ್ರಿ ಅಂತ ಅವರ ಕೂಡ ಜಗಳಾ ತಗದಿದ್ರು. ಲೇಬರ್ ಆಫೀಸಿಗೆ ಹೋಗ್ತೀನಿ ಅಂದಿದ್ರು. ಅಷ್ಟಾದ್ರೂ ಸಿಟ್ಟು ಮಾಡ್ಕೊಳ್ದ, ದೇವರ ವಸ್ತಾ ತಂದು ಕೊಟ್ರಲ್ಲ, ಎಂಥಾ ಛಲೋ ಮನಷ್ಯಾ ಅಂದ್ಕೊಂಡಿದ್ದೆ…"

ಸಿಂಧನೂರಿನ ಆ ಗೋದಾಮು ಕಣ್ಣ ಮುಂದೆ ಬಂತು. ಗಿರಣಿಯ ಗೋಡೆಯ ಮೇಲೆ ದಪ್ಪ ಬಿಳಿ ನೂಲಿನ ಉಂಡೆ ಇನ್ನೂ ತೂಗುತ್ತಿತ್ತು, ಅದಕ್ಕೆ ದಬ್ಬಣವನ್ನೂ ಚುಚ್ಚಿಟ್ಟಿದ್ದರು. ಹಳೆಯ ಗಿರಣಿಯ ಸಾಮಾನು ಎಂದುಕೊಂಡು ದಾಟಿ ಬಂದಿದ್ದೆ. ಒಮ್ಮೆ ಬಿದ್ದ ಬೆಲ್ಟು ಮತ್ತೆ ಹಾಕಬಾರದು ಎಂದು ಬೆಳಿಗ್ಗೆ ನನಗೆ ಪಾಠ ಹೇಳಿದವನು, ಅದೇ ಬೆಲ್ಟಿಗೆ ವಿಭೂತಿ ಹಚ್ಚಿ ಈ ಮನೆಗೆ ತಂದು ಕೊಟ್ಟಿದ್ದ.

ಫೋನು ತೆಗೆದು ಪಕೀರಪ್ಪನವರಿಗೆ ಹಚ್ಚಿದೆ. ಗಾಳಿಯ ಸದ್ದಿನ ನಡುವೆ ಅವರು ಕೂಗಿ ಮಾತಾಡುತ್ತಿದ್ದರು.

"ಪಕೀರಪ್ಪನವರ, ಸಿದ್ದರಾಮೇಶನ್ನ ಅಲ್ಲೇ ಹಿಡಕೊಳ್ರಿ. ಎಲ್ಲಿ ಅದಾನ?"

"ಇಲ್ಲೇ ಜೀಪಿನ ಹತ್ರ ಅದಾರ್ರಿ. ಮೇಡಂ, ನೀವು ಹೇಳಿದಂಗ ಕೆಲಸ ಚಾಲೂ ಆಗೈತ್ರಿ."

"ನಾನೇನ್ ಹೇಳೀನಿ?"

"ಮಲ್ಲೇಶನ್ನ ಹತ್ತಿಸಿ ತುಂಡು ಇಳಸ್ರಿ ಅಂತ. ನಿಮ್ಮ ಫೋನು ಬಂತು ಅಂತ ಸಿದ್ದರಾಮೇಶ ಸಾಹೇಬರು ಹೇಳಿದ್ರಲ್ರಿ. ಅಂವ ಆಗ್ಲೇ ತುದಿ ಸಮೀಪ ಹೋಗ್ಯಾನ."

"ಯಾವ ಬೆಲ್ಟು ಹಾಕ್ಯಾನ?"

"ಸಾಹೇಬರು ಜೀಪಿನಾಗಿಂದ ತಗದು, ತಾವ ಕೈಯಾರೆ ಕಟ್ಯಾರ್ರಿ. ಏನರ ಅನ್ರಿ ಮೇಡಂ, ಛಲೋ ಮನಷ್ಯಾ. ಕಟ್ಟೂಕಿಂತ ಮೊದಲ ವಿಭೂತಿನೂ ಹಚ್ಚಿದ್ರು."

ಮಲ್ಲೇಶನೂ ಬಿದ್ದು ಸತ್ತರೆ ಕೊಲೆ ಅವನ ಹೆಸರಿನಲ್ಲೇ ಮುಚ್ಚಿಹೋಗುತ್ತಿತ್ತು. ಗಾಳಿಗೆ ಸಮನಾಗಿ ಕೂಗುತ್ತಿದ್ದ ಪಕೀರಪ್ಪನವರ ದನಿ ಮನೆಯಲ್ಲೆಲ್ಲ ಕೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ದುರ್ಗಾದೇವಿ ಫೋನು ಕಿತ್ತುಕೊಂಡಳು.

"ಅಣ್ಣಾರ, ಮಲ್ಲೇಶಗ ಕೂಗಿ ಹೇಳ್ರಿ! ಬೆಲ್ಟು ನಂಬಬ್ಯಾಡ ಅನ್ರಿ! ಕಬ್ಬಿಣ ತಬ್ಬಿಕೊಂಡು ಅಲ್ಲೇ ನಿಂದ್ರು ಅನ್ರಿ! ನಿಮ್ಮಕ್ಕ ಹೇಳ್ಯಾಳ ಅನ್ರಿ!"

ಆ ಕಡೆ ಪಕೀರಪ್ಪನವರ ಬೂಟಿನ ಸದ್ದು ಟವರಿನತ್ತ ಓಡಿತು. ಗಾಳಿ ಬೀಸುವುದು ಕೇಳಿತು. ಅದರ ಹಿಂದೆ, ಬಹಳ ಮೇಲಿನಿಂದ, ಮಲ್ಲೇಶ ಚೀರಿದ.